ಐದು ಎಂಎಲ್ಲಿನ ಗೆರೆ

ಬೈತಖೋಲದ ಇಳಿಜಾರಿನಲ್ಲಿ ನನ್ನ ಅಂಗಡಿ.
ಬಾಗಿಲು ತೆರೆದರೆ ಡೀಸೆಲ್ಲು, ಮಂಜುಗಡ್ಡೆ, ಬಂಗಡೆಯ ವಾಸನೆ;
ಮುಚ್ಚಿದರೆ ಕರ್ಪೂರ, ಪುದೀನಾ, ಸ್ಪಿರಿಟ್ಟು.
ಇವೆರಡರ ನಡುವೆ ಇಪ್ಪತ್ತಾರು ವರ್ಷ
ಕಾರವಾರ ನನ್ನ ಕಟ್ಟೆಗೆ ಬಂದು ಕೆಮ್ಮಿದೆ.

ಎಲ್ಲರೂ ಡಾಕ್ಟ್ರೇ ಅನ್ನುತ್ತಾರೆ.
ಅಲ್ಲ ಎಂದು ಹೇಳುವುದನ್ನು
ಎರಡನೇ ವರ್ಷಕ್ಕೇ ಬಿಟ್ಟೆ.
ಕೇಳುವುದನ್ನು ಬಿಟ್ಟಿಲ್ಲ:
ಯಾರಿಗೆ? ವಯಸ್ಸೆಷ್ಟು? ಬೇರೆ ಏನು ನುಂಗುತ್ತಿದ್ದೀರಿ?
ಇವತ್ತು ರಾತ್ರಿ ಬೋಟಿಗೆ ಹೋಗುವುದುಂಟಾ?

ಕಡೆಯ ಪ್ರಶ್ನೆ ಕಲಿಸಿದವನು ಉಲ್ಲಾಸ ಹರಿಕಂತ್ರ.
ಒಣಕೆಮ್ಮು ಅಂದ. ಕೊಟ್ಟೆ. ಚಿಲ್ಲರೆ ಎಣಿಸಿಕೊಂಡು ಹೋದ.
ಒಂದು ಮುಚ್ಚಳ ಅಂದದ್ದನ್ನು ನಾಲ್ಕು ಗುಟುಕು ಮಾಡಿ
ಸ್ಟಿಯರಿಂಗಿನ ಮುಂದೆ ಕೂತ.
ಸಮುದ್ರ ಎಣ್ಣೆ ಸವರಿದ ಕಾವಲಿಯ ಹಾಗೆ ನುಣ್ಣಗಿತ್ತಂತೆ,
ದೀಪಸ್ತಂಭ ಒಮ್ಮೆ ಕಣ್ಣು ಹೊಡೆಯಿತಂತೆ,
ಎರಡನೇ ಸಲ ಹೊಡೆದಾಗ ನೋಡಲು ಅವನಿಗೆ ಎಚ್ಚರವಿರಲಿಲ್ಲ.
ಬೋಟು ಕಲ್ಲನ್ನೇರಿತು. ಏಳು ಜನ
ಈಜಿ ಬದುಕಿದರು. ಬಲೆ ಹೋಯಿತು.
ಮಾರನೆಯ ದಿನ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದವನು
“ಡಾಕ್ಟ್ರೇ, ಅದೇ ಔಷಧ ಕೊಡಿ,
ಮದುವೆಯಾದ ಮೇಲೆ ಅಷ್ಟು ಒಳ್ಳೆ ನಿದ್ದೆ ಬಂದದ್ದೇ ಇಲ್ಲ” ಎಂದ.
ಅಂಗಡಿಯಲ್ಲಿದ್ದವರೆಲ್ಲ ನಕ್ಕರು.
ನಾನು ಬಾಟ್ಲಿಯ ಹಿಂಬದಿಯ ಸಣ್ಣಕ್ಷರ
ಅವತ್ತು ಭೂತಗನ್ನಡಿ ಹಿಡಿದು ಓದಿದೆ,
ಹದಿನಾಲ್ಕು ವರ್ಷ ಮಾರಿದ ಬಾಟ್ಲಿ.

ರಿಟೈರ್ಡ್ ಕಂಡಕ್ಟರ್ ಪೆಡ್ನೇಕರರು
ಶೀತಕ್ಕೆ ಹಳದಿ, ಜ್ವರಕ್ಕೆ ಬಿಳಿ, ಮೈಕೈ ನೋವಿಗೆ ಮತ್ತೊಂದು,
ಮೂರೂ ಗುಳಿಗೆ ಅಂಗೈಯಲ್ಲಿ ಹರಡಿದರು.
ಸಾಹೇಬರೇ, ನೀವು ಆಟ ನೋಡುವವರು;
ಒಬ್ಬನೇ ವೇಷಧಾರಿ ಮೂರು ಕಿರೀಟ ಬದಲಿಸಿ ಬಂದರೆ
ಚೌಕಿಯಲ್ಲಿ ಮೂರು ಜನ ಎಂದು ಲೆಕ್ಕವೇ?
ಮೂರರೊಳಗೂ ಪ್ಯಾರಾಸಿಟಮಾಲ್ ಒಬ್ಬನೇ.
ಅವನು ಬೆಳಗಿನ ತನಕ ಕುಣಿದರೆ
ಮುರಿಯುವ ರಂಗಸ್ಥಳ ನಿಮ್ಮ ಯಕೃತ್ತು.
ಅವರು ಎರಡನ್ನು ವಾಪಸು ಕೊಟ್ಟರು.
ದುಡ್ಡೂ ವಾಪಸು ಕೇಳಿದರು.

ನಿನ್ನೆ ಷಟರ್ ಅರ್ಧ ಎಳೆದಾಗ
ಶೇವಂತಿ ತಾಂಡೇಲ ಬಗ್ಗಿ ಒಳಬಂದಳು.
ಸೆರಗಿನೊಳಗೆ ಒಂಬತ್ತು ತಿಂಗಳ ಮಗು, ಕಟ್ಟಿದ ಮೂಗು,
ಸೀಟಿಯ ಹಾಗೆ ಉಸಿರು. ಕೈಯಲ್ಲಿ
ದೊಡ್ಡ ಮಗನ ಹಳೆಯ ಬಾಟ್ಲಿ, ತಳದಲ್ಲಿ ಬೆರಳಷ್ಟು ಕೆಂಪು.
“ಇಂಥದ್ದೇ ಕೊಡಿ, ಇವಳಿಗೆ ಅರ್ಧ ಚಮಚ ಸಾಕಲ್ಲ?”
ಕೊಡುವುದಿಲ್ಲ ಅಂದೆ.
ಅರ್ಧವೂ ಇಲ್ಲ, ಕಾಲೂ ಇಲ್ಲ.
“ಹಾಗಾದರೆ ಜೇನು?” ವರ್ಷ ತುಂಬುವ ತನಕ ಅದೂ ಬೇಡ.
“ಮತ್ತೆ ನಿಮ್ಮ ಅಂಗಡಿ ಇರುವುದು ಯಾಕೆ?”
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.
ಉಪ್ಪುನೀರಿನ ಮೂಗಿನ ಹನಿ ಕೊಟ್ಟೆ,
ಎದೆಹಾಲು ನಿಲ್ಲಿಸಬೇಡ ಅಂದೆ,
ಪಕ್ಕೆ ಒಳಗೆ ಸೆಳೆದರೆ, ಹಾಲು ಬಿಟ್ಟರೆ
ರಾತ್ರಿಯೋ ಹಗಲೋ ನೋಡದೆ ದೊಡ್ಡಾಸ್ಪತ್ರೆಗೆ ಓಡು ಅಂದೆ.
“ಉಪ್ಪುನೀರಿಗೂ ದುಡ್ಡು! ಮನೆ ಎದುರು ಇಡೀ ಸಮುದ್ರವೇ ಇದೆ”
ಗೊಣಗಿ, ನೋಟು ಇಟ್ಟು, ಹೋದಳು.
ಎದುರಿನ ಅಂಗಡಿಯ ದೀಪ ಇನ್ನೂ ಉರಿಯುತ್ತಿತ್ತು.
ಅತ್ತ ತಿರುಗಿದಳೋ, ಇಳಿಜಾರಿಗೋ,
ಷಟರಿನ ಕೆಳಗಿಂದ ನನಗೆ ಕಂಡದ್ದು ಚಪ್ಪಲಿ ಮಾತ್ರ.

ಕೌಂಟರಿನ ಕೆಳಗೆ ಬಿಸ್ಕಿಟ್ ಡಬ್ಬದಲ್ಲಿ
ಅಳತೆಯ ಮುಚ್ಚಳಗಳುಂಟು, ಕಳೆದುಕೊಂಡವರಿಗೆ ಪುಕ್ಕಟೆ.
ಇನಾಸ ಮೂರು ಒಯ್ದಿದ್ದಾನೆ, ಫೆನಿ ಅಳೆಯಲಿಕ್ಕಂತೆ.
ಕೆಮ್ಮಿನ ಔಷಧ ಕುಡಿದ ದಿನ ಅದು ಬೇಡ ಮಾರಾಯ ಅಂದರೆ
“ಆ ದಿನ ಔಷಧ ಬಿಡ್ತೇನೆ ಡಾಕ್ಟ್ರೇ.”

ಇವತ್ತು ಒಂದನ್ನು ಬೆಳಕಿಗೆ ಹಿಡಿದೆ.
ಐದರ ಗೆರೆ ಕೂದಲಷ್ಟು ಉಬ್ಬಿದೆ,
ಈಗೀಗ ಕಣ್ಣಿಗೆ ಕಾಣುವುದಿಲ್ಲ. ಉಗುರಿಗೆ ತಾಗುತ್ತದೆ.
ಹೊರಗೆ ಯಾರೋ ಕೆಮ್ಮಿದರು.
ಯಾರಿಗೆ? ಅಂದೆ,
ತಲೆ ಎತ್ತುವ ಮೊದಲೇ.